ಕಾಲ್ಚೆಂಡಿಗೂ ಒಂದು ಕಾಲ್ಗುಣ

“ಭೂಮಿ ಬಾಯಿ ಬಿಡಲಿ, ಆಕಾಶ ಕಳಚಿ ಬೀಳಲಿ, ಶನಿವಾರದ ಪಂದ್ಯಕ್ಕೆ ನಾನು ಹೋಗೇ ಹೋಗ್ತೀನಿ! ನನ್ನನ್ನು ತಡೆಯೋ ಗಂಡಸು ಇನ್ನೂ ಹುಟ್ಟಿಲ್ಲ!”

ಯಜಮಾನರು ಊಟದ ಮೇಜು ಗುದ್ದಿ ಹೀಗೆ ಗುಡುಗಿದ ರಭಸಕ್ಕೆ ಉಪ್ಪಿನ ಡಬ್ಬಿ ಅಡ್ಡ ಬಿತ್ತು. ಎದುರಿಗೆ ಕೂತಿದ್ದ ಹೆಂಡತಿ ಅದನ್ನು ಎತ್ತಿ ನಿಲ್ಲಿಸಿ, “ಗಂಡಸು ಹುಟ್ಟಿಲ್ಲ, ಸರಿ,” ಎಂದಷ್ಟೇ ಹೇಳಿದರು.

ಆ ‘ಸರಿ’ಯ ಹಿಂದೆ ಏನಿತ್ತು ಎಂದು ಆಗಲೇ ಯೋಚಿಸಬೇಕಿತ್ತು. ಯೋಚಿಸಲಿಲ್ಲ. ಅವರು ಅಂಗಡಿಗೂ ಯಜಮಾನರು, ಮನೆಗೂ ಯಜಮಾನರು. ಅಂಗಡಿ ಕನ್ನಡಕದ್ದು. ಊರಿನವರ ದೂರದೃಷ್ಟಿ, ಸಮೀಪದೃಷ್ಟಿ, ವಕ್ರದೃಷ್ಟಿ ಎಲ್ಲವನ್ನೂ ಅಳೆದು ಗಾಜು ಕೂರಿಸುವವರು. ಮನೆಯ ಯಜಮಾನಿಕೆ ಮಾತ್ರ ಹಳೆಯ ಕನ್ನಡಕದ ಪೆಟ್ಟಿಗೆಯ ಹಾಗೆ: ಮುಚ್ಚಿದರೆ ಸದ್ದು ಜೋರು, ತೆರೆದರೆ ಒಳಗೆ ಏನೂ ಇಲ್ಲ.

ಅವರ ಪ್ರಾಣವಿದ್ದದ್ದು ಊರಿನ ಹಳದಿ ತಂಡದಲ್ಲಿ. ಮನೆಯ ಪರದೆ ಹಳದಿ, ದಿಂಬು ಹಳದಿ, ಸ್ನಾನದ ಬಕೆಟ್ ಹಳದಿ. ಒಮ್ಮೆ ಜ್ವರವೆಂದು ಮನೆಗೆ ಕರೆಸಿದ ಡಾಕ್ಟರು ನಾಲಿಗೆ ನೋಡುವ ಮೊದಲೇ ಸುತ್ತ ನೋಡಿ, “ಕಾಮಾಲೆ ಗೋಡೆಗೂ ಹತ್ತಿದೆಯಲ್ರೀ!” ಎಂದು ಗಾಬರಿಯಾಗಿದ್ದರು. ಆ ತಂಡ ಈಗ ಪ್ರಪಾತದ ತುದಿಯಲ್ಲಿ ಒಂಟಿ ಕಾಲಲ್ಲಿ ನಿಂತಿತ್ತು. ಶನಿವಾರ ಎದುರಾಳಿಯ ಊರಿನಲ್ಲಿ ಋತುವಿನ ಕೊನೆಯ ಪಂದ್ಯ. ಗೆದ್ದರೆ ಉಳಿವು, ಸೋತರೆ ಕೆಳಗಿನ ದರ್ಜೆಗೆ ದಬಾಲ್! ಜೊತೆಗೆ ಗೋಲ್‌ಕೀಪರನ ಕೆಲಸವೂ ದಬಾಲ್. ಆ ಗೋಲ್‌ಕೀಪರ್ ಬೇರೆ ಯಾರೋ ಆಗಿದ್ದರೆ ಮಾತು ಬೇರೆ. ಅವನು ಯಜಮಾನರ ಸ್ವಂತ ಬಾಮೈದ, ಹೆಂಡತಿಯ ಒಬ್ಬನೇ ತಮ್ಮ.

ಈ ಋತುವಿನಲ್ಲಿ ಪರ ಊರಿನ ಒಂದು ಪಂದ್ಯವನ್ನೂ ತಂಡ ಗೆದ್ದಿರಲಿಲ್ಲ. ಯಜಮಾನರು ಪರ ಊರಿನ ಒಂದು ಪಂದ್ಯವನ್ನೂ ತಪ್ಪಿಸಿರಲಿಲ್ಲ. ಈ ಎರಡು ವಾಕ್ಯಗಳನ್ನು ಪಕ್ಕಪಕ್ಕ ಇಟ್ಟು ನೋಡುವ ಕನ್ನಡಕ ಅವರ ಅಂಗಡಿಯಲ್ಲಿ ಇರಲಿಲ್ಲ. ಪ್ರತಿ ಸಲವೂ ಬಾಮೈದನ ಗೋಲಿನ ಹಿಂದೆಯೇ ಕಂಬದ ಹಾಗೆ ನಿಂತು, “ಎಡಕ್ಕೆ ಹಾರೋ! ಅಲ್ಲಲ್ಲ, ಬಲಕ್ಕೆ! ಕಣ್ಣು ಬಿಡೋ! ಗಾಜು ಬದಲಾಯಿಸ್ಬೇಕೇನೋ?” ಎಂದು ಗಂಟಲು ಹರಿಯುವಂತೆ ಕೂಗಿ, ಸೋತು, ಊದಿದ ಮುಖ ಹೊತ್ತು ಮನೆಗೆ ಬಂದು ರೆಫ್ರಿಯ ವಂಶವನ್ನೆಲ್ಲ ಜಾಲಾಡುತ್ತಿದ್ದರು.

ಶನಿವಾರ ಬೆಳಿಗ್ಗೆ ಮೊದಲ ಅತಿಮಾನುಷ ಘಟನೆ ನಡೆಯಿತು. ಹೆಂಡತಿ ನಕ್ಕರು.

ಪಂದ್ಯದ ದಿನ ಅವರು ನಗುವವರೇ ಅಲ್ಲ. ಇಂದು ನಗುತ್ತಾ ಫ್ಲಾಸ್ಕ್ ತುಂಬಿಸಿದರು. ನಗುತ್ತಾ ತಿಂಡಿಯ ಡಬ್ಬಿ ಕಟ್ಟಿದರು. ಅದೃಷ್ಟದ ಕಾಲುಚೀಲವನ್ನು, ಅಂದರೆ ಎಂದೋ ಗೆದ್ದ ದಿನದಿಂದ ನೀರು ಕಾಣಿಸದೆ ಕಾಪಾಡಿಕೊಂಡು ಬಂದ ಆ ಜೋಡಿಯನ್ನು, ಅಡುಗೆಮನೆಯ ಇಕ್ಕಳದಲ್ಲಿ ಹಿಡಿದು ತಂದು ಬಾಗಿಲ ಬಳಿ ಇಟ್ಟರು. ಕಾನ್ವೆಂಟಿನಲ್ಲಿ ಸಿಸ್ಟರ್ ಬೆತ್ತವನ್ನು ಬೆನ್ನ ಹಿಂದೆ ಹಿಡಿದು “ಬಾ ಮಗು” ಎನ್ನುತ್ತಾರಲ್ಲ, ಅಂಥ ನಗು.

“ಫೋನು ಇಲ್ಲೇ ಬಿಟ್ಟು ಹೋಗ್ತೀರಲ್ಲ, ಎಂದಿನ ಹಾಗೆ?”

“ಮತ್ತೆ? ಅವತ್ತು ಪೆನಾಲ್ಟಿ ಒದೆಯೋ ಹೊತ್ತಿಗೆ ಫೋನ್ ಬಡ್ಕೊಂಡು ಚೆಂಡು ಹೊರಗೆ ಹೋಗಿದ್ದು ಮರೆತೋಯ್ತಾ? ಪಂದ್ಯದ ದಿನ ನನಗೂ ಅದಕ್ಕೂ ಸಂಬಂಧ ಇಲ್ಲ.”

“ಒಳ್ಳೇದು. ನಿಧಾನ ಹೋಗಿ ಬನ್ನಿ.”

ಯಜಮಾನರಿಗೆ ಬೆನ್ನಿನಲ್ಲಿ ಸಣ್ಣಗೆ ಚಳಿ ಹರಿಯಿತು. ಮಂಜಿನದಿರಬೇಕು ಎಂದುಕೊಂಡರು. ಹೊರಗೆ ಬೀದಿಯೇ ಕಾಣದಷ್ಟು ಮಂಜು. ಮಫ್ಲರ್ ಸುತ್ತಿಕೊಂಡು, ಕನ್ನಡಕ ಒರೆಸುತ್ತಾ, ಒರೆಸಿದಷ್ಟೂ ಏನೂ ಕಾಣದೆ, ಗೋಡೆ ಮುಟ್ಟಿಕೊಂಡು ಸಲೂನಿನವರೆಗೆ ನಡೆದರು.

ಸಲೂನು ಬರೀ ಸಲೂನಲ್ಲ, ಹಳದಿ ಅಭಿಮಾನಿ ಸಂಘದ ಕಚೇರಿ. ಕ್ಷೌರಿಕನೇ ಕಾರ್ಯದರ್ಶಿ. ಕನ್ನಡಿಯ ಮೇಲೆ ತಂಡ ಹುಟ್ಟಿದ ಮೇಲೆ ಗೆದ್ದ ಒಂದೇ ಒಂದು ಕಪ್ಪಿನ ಕಪ್ಪು-ಬಿಳುಪು ಫೋಟೋ. ಆಟಗಾರರು, ಅಭಿಮಾನಿಗಳು ಸಾಲಾಗಿ ನಿಂತಿದ್ದಾರೆ. ಮುಂದಿನ ಸಾಲಿನ ನಟ್ಟನಡುವೆ ಒಂದು ಖಾಲಿ ಕುರ್ಚಿ, ಅದರ ಬೆನ್ನಿಗೆ ಉದ್ದ ಗೊಂಡೆಗಳ ಮಫ್ಲರ್. ಅದು ಯಾರದೆಂದು ಯಾರೂ ಹೇಳುವುದಿಲ್ಲ.

ಸಂಘದ ಬಸ್ಸು ಬಾಗಿಲಲ್ಲೇ ಗುರುಗುಡುತ್ತಿತ್ತು. ಯಜಮಾನರು ಮೆಟ್ಟಿಲಿಗೆ ಕಾಲಿಡುವಷ್ಟರಲ್ಲಿ ಕಾರ್ಯದರ್ಶಿ ಕೈ ಅಡ್ಡ ಹಿಡಿದ.

“ಯಜಮಾನ್ರೇ, ನೀವು ಈ ಡಕೋಟ ಬಸ್ಸಲ್ಲಾ? ಛೆ ಛೆ! ಹಿರಿಯ ಅಭಿಮಾನಿಗೆ ಸಂಘದಿಂದ ಸ್ಪೆಷಲ್ ವ್ಯವಸ್ಥೆ. ರೈಲು! ಕೊನೇ ಬೋಗಿ. ಪೂರ್ತಿ ನಿಮಗೇ.”

“ಪೂರ್ತಿ ನನಗೇ?”

“ಬೋಗಿಯ ಭೋಗ ಬೇರೆ ಯಾರಿಗೆ ಕೊಡೋಣ ಹೇಳಿ? ಕೊನೇ ಬೋಗಿ, ನೆನಪಿರಲಿ. ಮುಂದಿನದಕ್ಕೆ ಹತ್ತಬೇಡಿ, ಅಲ್ಲಿ ಹುಡುಗರ ಗಲಾಟೆ.”

ಬಸ್ಸಿನ ಕಿಟಕಿಗಳಲ್ಲಿ ಸಾಲಾಗಿ ಮುಖಗಳು. ಎಲ್ಲವೂ ಅವರನ್ನೇ ನೋಡುತ್ತಿದ್ದವು. ಯಾರೂ ಹಾಡಲಿಲ್ಲ, ಯಾರೂ ಕೈ ಬೀಸಲಿಲ್ಲ. ದೂರದ ಊರಿಗೆ, ಬಹಳ ಕಾಲಕ್ಕೆ ಹೊರಟವರನ್ನು ಬೀಳ್ಕೊಡುವ ಕಣ್ಣುಗಳು. ಗೌರವ ಎಂದರೆ ಹೀಗಿರಬೇಕು ಎಂದು ಎದೆ ಸೆಟೆಸಿಕೊಂಡು ಯಜಮಾನರು ಸ್ಟೇಷನ್ನಿನ ದಾರಿ ಹಿಡಿದರು.

ಕೊನೆಯ ಬೋಗಿಯಲ್ಲಿ ನಿಜಕ್ಕೂ ಒಂದು ನರಪಿಳ್ಳೆಯೂ ಇರಲಿಲ್ಲ. ಅಷ್ಟೂ ಸೀಟು ಖಾಲಿ, ಮೇಲೆ ಮಬ್ಬು ದೀಪ. ಮುಂದಿನ ಬೋಗಿಗಳಿಂದ ಹಳದಿ ಹುಡುಗರ ಹಾಡು ತೇಲಿ ಬರುತ್ತಿತ್ತು. ರೈಲು ಹೊರಟ ಮೇಲೆ ಟಿಕೆಟ್ ಕಲೆಕ್ಟರ್ ಬಂದ. ಯಜಮಾನರು ಕಿಸೆಯಿಂದ ಟಿಕೆಟ್ ತೆಗೆಯುವ ಮೊದಲೇ ಕೈಯಾಡಿಸಿ ಬೇಡವೆಂದ.

“ಗೊತ್ತು ಸಾರ್. ಕನ್ನಡಕದವರು.”

“ಹೇಗೆ ಗೊತ್ತು?”

ಕಲೆಕ್ಟರ್ ಬಾಗಿಲವರೆಗೆ ಹೋಗಿ, ತಿರುಗಿ ನೋಡಿ, “ಪಾಪ,” ಎಂದು ಹೋಗಿಬಿಟ್ಟ.

ಪಾಪವೇ? ಯಾರ ಪಾಪ? ಯಾವ ಪಾಪ? ಯಜಮಾನರು ಫ್ಲಾಸ್ಕಿನ ಮುಚ್ಚಳ ತಿರುಗಿಸಿ ಒಂದು ಗುಟುಕು ಕುಡಿದು ಧೈರ್ಯ ತಂದುಕೊಂಡರು. ಒಂದು ಜಂಕ್ಷನ್ನಿನಲ್ಲಿ ರೈಲು ನಿಂತಿತು. ಎಲ್ಲೋ ಕೆಳಗೆ ಕಬ್ಬಿಣಕ್ಕೆ ಕಬ್ಬಿಣ ತಾಗಿ ಠಣ್ ಎಂದಿತು. ಮತ್ತೆ ಹಾಡು ಶುರುವಾಯಿತು. ಆದರೆ ಈಗ ಹಾಡು ಸಣ್ಣದಾಗುತ್ತಿತ್ತು. ಇನ್ನೂ ಸಣ್ಣದಾಯಿತು. ಪಕ್ಕದ ಮನೆಯ ಹಾಡು, ಪಕ್ಕದ ಬೀದಿಯ ಹಾಡು, ಪಕ್ಕದ ಊರಿನ ಹಾಡು... ಆಮೇಲೆ ಇಲ್ಲವೇ ಇಲ್ಲ!

“ಏನಪ್ಪಾ, ಹುಡುಗರ ಗಂಟಲು ಈಗಲೇ ಕಟ್ಟಿತಾ?” ಎಂದು ಯಜಮಾನರು ಎದ್ದು, ಮುಂದಿನ ಬೋಗಿಗೆ ಹೋಗುವ ಬಾಗಿಲನ್ನು ಎಳೆದರು.

ಮುಂದಿನ ಬೋಗಿ ಇರಲಿಲ್ಲ.

ಹೊಸ್ತಿಲಿನಾಚೆ ಬರೀ ಮಂಜು. ಮಂಜಿನೊಳಗೆ ಹೋಗಿ ಮಾಯವಾಗುವ ಎರಡು ಕಂಬಿಗಳು. ಇಡೀ ರೈಲು, ಎಂಜಿನ್ನು, ಹಾಡು, ಪಂದ್ಯ, ಎಲ್ಲವೂ ಆ ಕಂಬಿಗಳ ಮೇಲೆ ಮುಂದೆ ಹೋಗಿಬಿಟ್ಟಿದ್ದವು. ಯಜಮಾನರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. ಆಗಲೂ ಇರಲಿಲ್ಲ. ಅಂಗಡಿಯಲ್ಲಿ ಗಿರಾಕಿಗಳು “ಏನೂ ಕಾಣ್ತಿಲ್ಲ” ಎಂದಾಗ “ಕಣ್ಣು ಸರಿಯಾಗಿ ಬಿಡಿ” ಎಂದು ಗದರುತ್ತಿದ್ದದ್ದು ನೆನಪಾಗಿ, ಮೊದಲ ಸಲ ಅವರ ಮೇಲೆ ಕನಿಕರ ಹುಟ್ಟಿತು.

ಅಷ್ಟರಲ್ಲಿ ಬೋಗಿಗೆ ಹಿಂದಿನಿಂದ ಏನೋ ಮೆಲ್ಲಗೆ ಡಿಕ್ಕಿ ಹೊಡೆದು ಕಚ್ಚಿಕೊಂಡಿತು. ಬೋಗಿ ಅಲುಗಿತು. ಚಲಿಸಿತು. ಹಿಂದಕ್ಕೆ! ಕಂಬಗಳು ತಪ್ಪು ದಿಕ್ಕಿನಲ್ಲಿ ಓಡತೊಡಗಿದವು. “ಹೋಯ್! ಯಾರ್ರೀ ಅದು? ನಾನಿದೀನಿ ಒಳಗೆ! ಪಂದ್ಯ ಆ ಕಡೆ!” ಎಂದು ಯಜಮಾನರು ಬಾಗಿಲಲ್ಲಿ ನಿಂತು ಕೂಗಿದರು. ಕಣದಲ್ಲಿ ಇಪ್ಪತ್ತೆರಡು ಮಂದಿ ಆಟಗಾರರನ್ನು ಅಲುಗಾಡಿಸುವ ಆ ಗಂಟಲಿಗೆ ಮಂಜು ಓಗೊಡಲಿಲ್ಲ.

ಬೋಗಿ ಒಂದು ಪುಟ್ಟ ಸ್ಟೇಷನ್ನಿನಲ್ಲಿ ನಿಂತಿತು. ಅವರನ್ನು ಇಳಿಸಿದ್ದೇ ತಡ, ಎಂಜಿನ್ನು ಬೋಗಿಯ ಸಮೇತ ಮಂಜಿನೊಳಗೆ ಜಾರಿಕೊಂಡಿತು. ಊರಿನ ಹೆಸರಿನ ಹಲಗೆಯ ಬಣ್ಣವೆಲ್ಲ ಕಿತ್ತು ಹೋಗಿ, ಒಂದು ಅಕ್ಷರವೂ ಉಳಿದಿರಲಿಲ್ಲ. ಚಹಾ ಅಂಗಡಿಯೊಂದರಲ್ಲಿ ಮಾತ್ರ ದೀಪ. ಅಲ್ಲಿದ್ದ ಹೆಂಗಸು ತಲೆಯೆತ್ತದೆ ಹೇಳಿದಳು:

“ಬಂದ್ರಾ? ಆಗ್ಲೇ ಚಾ ಹಾಕಿಟ್ಟಿದ್ದೆ. ಆರಿಹೋಗಿದೆ.”

“ನಾನು ಬರ್ತೀನಿ ಅಂತ ನಿನಗ್ಯಾರಮ್ಮಾ ಹೇಳಿದ್ದು?”

“ಯಾರಾದ್ರೂ ಒಬ್ರು ಬರ್ಲೇಬೇಕಲ್ಲ ಸಾರ್.”

“ಮುಂದಿನ ರೈಲು ಎಷ್ಟೊತ್ತಿಗೆ?”

“ಪಂದ್ಯ ಮುಗಿದ ಮೇಲೆ.”

ಯಾವ ಪಂದ್ಯ ಎಂದು ಅವರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಆರಿದ ಚಹಾದ ಲೋಟವನ್ನು ಕೈಗಿತ್ತು, ಕಾಯುವ ಕೋಣೆಯ ಕಡೆ ಗದ್ದ ತೋರಿಸಿದಳು.

ಕೋಣೆಯಲ್ಲಿ ಒಂದು ಉದ್ದ ಬೆಂಚು, ಒಂದು ಮೇಜು, ಮೇಜಿನ ಮೇಲೆ ಹಳೆಯ ರೇಡಿಯೋ. ಬೆಂಚಿನ ಒಂದು ತುದಿಯಲ್ಲಿ ಮುದುಕರೊಬ್ಬರು ಕೋಲು ನುಂಗಿದವರಂತೆ ನೆಟ್ಟಗೆ ಕೂತಿದ್ದರು. ಕೊರಳಲ್ಲಿ ಮಫ್ಲರ್. ಒಂದು ಕಾಲದಲ್ಲಿ ಹಳದಿ ಇದ್ದಿರಬೇಕು, ಈಗ ಹಾಲಿನ ಕೆನೆಯ ಬಣ್ಣ. ಉದ್ದ ಗೊಂಡೆಗಳು.

“ಅರೆ, ನಮ್ಮವರೇ!” ಯಜಮಾನರಿಗೆ ಹೋದ ಜೀವ ಬಂದಂತಾಯಿತು. “ನೀವೂ ಕೊನೇ ಬೋಗೀಲಿ ಬಂದ್ರಾ ಅಜ್ಜಾ?”

“ಹೂಂ. ಕೂತ್ಕೊಳ್ಳಿ. ಜಾಸ್ತಿ ಅಲ್ಲಾಡಬೇಡಿ. ಶುರುವಾಗುತ್ತೆ.”

ರೇಡಿಯೋ ತಾನಾಗಿ ಗೊರಗೊರ ಎಂದು ಕಾಮೆಂಟರಿ ಶುರುಮಾಡಿತು. ಅದರ ಹಿಂಬದಿಯ ಮುಚ್ಚಳ ಇರಲಿಲ್ಲ. ಒಳಗೆ ಬ್ಯಾಟರಿಯೂ ಇರಲಿಲ್ಲ. ಯಜಮಾನರು ಅದನ್ನು ನೋಡಿದರು. ಕೂಡಲೇ ನೋಡಿಲ್ಲವೆಂದು ತೀರ್ಮಾನಿಸಿದರು. ಕಣ್ಣಿನ ವ್ಯಾಪಾರದಲ್ಲಿ ಇರುವವರಿಗೆ ಏನನ್ನು ನೋಡಬಾರದು ಎಂಬುದೂ ಗೊತ್ತಿರಬೇಕು!

ಎದುರಾಳಿಗಳು ಚೆಂಡು ತೆಗೆದುಕೊಂಡು ನುಗ್ಗುತ್ತಿದ್ದಾರೆ ಎಂದಿತು ರೇಡಿಯೋ. ಯಜಮಾನರಿಗೆ ತಡೆಯಲಾಗಲಿಲ್ಲ. ಜಿಗಿದೆದ್ದು, “ಎಡಕ್ಕೋ! ಎಡಕ್ಕೆ ಹಾರೋ! ಕಣ್ಣು ಬಿಡೋ!” ಎಂದು ರೇಡಿಯೋದ ಮುಸುಡಿಗೇ ಕೂಗಿದರು.

“ಗೋಲು!” ಎಂದಿತು ರೇಡಿಯೋ. “ಹಳದಿ ಗೋಲ್‌ಕೀಪರ್ ಯಾಕೋ ಸುಮ್ಮನೆ ಎಡಕ್ಕೆ ಹಾರಿಬಿಟ್ಟರು! ಯಾರೋ ಕೂಗಿದಂತೆ ಬೆಚ್ಚಿದರು!”

ಮುದುಕರು ಮೆಲ್ಲಗೆ ಕತ್ತು ತಿರುಗಿಸಿದರು.

“ನೋಡಿದ್ರಾ? ಇಲ್ಲಿಂದಲೂ ಕೇಳ್ಸುತ್ತೆ. ಕೂತ್ಕೊಳ್ಳಿ.”

ಯಜಮಾನರು ಕೂತರು. ಕೂತದ್ದು ಹೇಗೆಂದರೆ, ಬಲಗಾಲಿನ ಮೇಲೆ ಎಡಗಾಲು, ಎಡಗೈಯಲ್ಲಿ ಆರಿದ ಚಹಾ, ಬಾಯಿ ಅರ್ಧ ತೆರೆದು. ಕೂತ ಮರುಕ್ಷಣ ಹಳದಿ ತಂಡ ಸಮ ಮಾಡಿತು!

ಇನ್ನು ಅಲುಗುವುದುಂಟೇ? ಮುಂದಿನದನ್ನು ತಪಸ್ಸೆನ್ನಬೇಕು. ಎಡಗಾಲು ಮೊದಲು ಜೋಮು ಹಿಡಿಯಿತು, ಆಮೇಲೆ ಮರಗಟ್ಟಿತು, ಕೊನೆಗೆ ಅದು ತನ್ನದೋ ಬೆಂಚಿನದೋ ತಿಳಿಯದಾಯಿತು. ಒಂದು ನೊಣ ಬಂದು ಮೂಗಿನ ತುದಿಯಲ್ಲಿ ಕೂತು, ಕೈಕಾಲು ಉಜ್ಜಿಕೊಂಡು, ಅರ್ಧ ತೆರೆದ ಬಾಯಿಯನ್ನು ಬಾಡಿಗೆ ಮನೆ ನೋಡುವವರ ಹಾಗೆ ಇಣುಕಿ ನೋಡಿತು. ಯಜಮಾನರು ಉಸಿರೂ ಬಿಡಲಿಲ್ಲ. ಪಕ್ಕದಲ್ಲಿ ಮುದುಕರೂ ಉಸಿರು ಬಿಡುತ್ತಿರಲಿಲ್ಲ. ಆದರೆ ಅವರಿಗೆ ಅದರಿಂದ ಕಷ್ಟವಾದಂತೆ ಕಾಣಲಿಲ್ಲ.

ಆಟದ ನಡುವಿನ ಬಿಡುವಿನಲ್ಲಿ ಯಜಮಾನರು ತುಟಿ ಅಲುಗಿಸದೆ ಕೇಳಿದರು: “ನೀವು... ಎಷ್ಟು ಕಾಲದಿಂದ... ಇಲ್ಲಿ?”

“ನಾನೂ ಗೋಲಿನ ಹಿಂದೆ ನಿಂತು ಕೂಗ್ತಿದ್ದವನೇ. ನಮ್ಮ ಗೋಲ್‌ಕೀಪರ್ ನನ್ನ ತಂಗಿ ಗಂಡ. ನಾನು ಬಾಯಿ ಬಿಟ್ರೆ ಅವನ ಕೈ ಬಿಟ್ಟೋಗ್ತಿತ್ತು. ಒಂದಿನ ನಮ್ಮವರೇ ಸೇರಿ ಮರ್ಯಾದೆಯಿಂದ ಕೊನೇ ಬೋಗಿ ಹತ್ತಿಸಿದ್ರು.” ಮುದುಕರು ರೇಡಿಯೋದ ಕಡೆ ಮಮತೆಯಿಂದ ನೋಡಿದರು. “ಆ ಸಲ ಕಪ್ ಬಂತು.”

“ಆಮೇಲೆ?”

“ಆಮೇಲೇನು? ಗೆದ್ದ ಮೇಲೆ ಯಾರಾದ್ರೂ ಜಾಗ ಬದಲಾಯಿಸ್ತಾರೇನ್ರಿ?”

ಯಜಮಾನರ ಹಣೆಯಲ್ಲಿ ಬೆವರು ಮೂಡಿತು. ಒರೆಸುವಂತಿಲ್ಲ.

“ಆದ್ರೆ ಅಜ್ಜಾ, ಆಮೇಲೆ ತಂಡ ಎಷ್ಟೋ ಸಲ ಸೋತಿದೆಯಲ್ಲ?”

ಮುದುಕರ ಮುಖ ಸಣ್ಣದಾಯಿತು. “ಇಲ್ಲಿ ಧೂಳು ಜಾಸ್ತಿ. ಒಮ್ಮೊಮ್ಮೆ ಸೀನು ಬಂದ್ಬಿಡುತ್ತೆ.”

ದ್ವಿತೀಯಾರ್ಧದ ಕೊನೆಗೆ ಎದುರಾಳಿಗಳಿಗೆ ಪೆನಾಲ್ಟಿ ಸಿಕ್ಕಿತು. ಯಜಮಾನರ ಗಂಟಲಲ್ಲಿ ‘ಎಡಕ್ಕೋ’ ಒಂದು ಉಂಡೆಯ ಹಾಗೆ ಉರುಳಿ ಬಂದು ಹಲ್ಲಿನ ಹಿಂದೆ ನಿಂತಿತು. ನುಂಗಿದರು. ‘ಬಲಕ್ಕೋ’ ಬಂತು. ಅದನ್ನೂ ನುಂಗಿದರು. ಇಷ್ಟು ವರ್ಷ ಬಾಮೈದನ ಬೆನ್ನಿಗೆ ಎಸೆದ ಮಾತುಗಳೆಲ್ಲ ಸರದಿಯಲ್ಲಿ ಬಂದವು, ಒಂದೊಂದನ್ನೂ ಆರಿದ ಚಹಾದಂತೆ ನುಂಗಿದರು. ರೇಡಿಯೋ ಚೀರಿತು: “ತಡೆದರು! ಅದ್ಭುತ! ಬಿಗಿಯಾಗಿ ಹಿಡಿದರು!” ಹಿಡಿದ ಚೆಂಡು ಅಲ್ಲಿಂದ ಮುಂದಕ್ಕೆ ಹಾರಿ, ಅತ್ತ ಯಾರದೋ ಹಣೆಗೆ ತಾಗಿ ಒಳಗೇ ಹೋಯಿತು. ಗೆಲುವು!

ಕೊನೆಯ ಸೀಟಿ ಊದುತ್ತಲೇ ಮುದುಕರು ಎದ್ದರು. ಕೆನೆಬಣ್ಣದ ಮಫ್ಲರ್ ತೆಗೆದು ಯಜಮಾನರ ಕೊರಳಿಗೆ ಹಾಕಿದರು. ಬದಲಿ ಆಟಗಾರ ಒಳಗೆ ಬರುವಾಗ ಗೆರೆಯ ಬಳಿ ಇಬ್ಬರು ಅಂಗೈ ತಟ್ಟುತ್ತಾರಲ್ಲ, ಹಾಗೆ ಒಮ್ಮೆ ತಟ್ಟಿದರು. ಅಂಗೈ ಬಾವಿಯ ಕಲ್ಲಿನಷ್ಟು ತಣ್ಣಗಿತ್ತು.

“ಬದಲಿಯವರು ಬೇಕು ಅಂತ ಕೇಳ್ತಾನೇ ಇದ್ದೆ. ಬೆನ್ನು ಪೂರ್ತಿ ಹೋಗಿದೆ ನೋಡಿ,” ಎಂದು ನಗುತ್ತಾ ಬಾಗಿಲು ದಾಟಿದರು.

ಯಜಮಾನರು ಮರಗಟ್ಟಿದ ಕಾಲನ್ನು ಎಳೆದುಕೊಂಡು ಹೊರಗೆ ಬಂದಾಗ ಪ್ಲಾಟ್‌ಫಾರ್ಮಿನ ಉದ್ದಕ್ಕೂ ಯಾರೂ ಇರಲಿಲ್ಲ.

“ಆ ಅಜ್ಜ ಎತ್ತ ಹೋದ್ರಮ್ಮಾ?”

“ಎತ್ತ ಅಂತ ಯಾವತ್ತೂ ಕಂಡಿಲ್ಲ ಸಾರ್,” ಎಂದಳು ಚಹಾದವಳು, ಒಂದು ಲೋಟ ತೊಳೆಯುತ್ತಾ. “ಆದ್ರೆ ಲೋಟ ವಾಪಸ್ ಕೊಟ್ಟು ಹೋಗಿದ್ದು ಇವತ್ತೇ ಮೊದಲು.”

ಸಂಜೆ ಮನೆಯ ಬಾಗಿಲು ತೆಗೆದಾಗ ಒಳಗೆ ಜಾತ್ರೆ. ಕ್ಷೌರಿಕ ಕಾರ್ಯದರ್ಶಿ, ಟಿಕೆಟ್ ಕಲೆಕ್ಟರ್, ಬಾಮೈದ, ಎಲ್ಲರೂ. ನಡುವೆ ಹೆಂಡತಿ! ಮೈಮೇಲೆ ಹಳದಿ ಅಂಗಿ, ಕೆನ್ನೆಗೆ ಹಳದಿ ಬಣ್ಣ, ಗಂಟಲು ಕಪ್ಪೆಯದು.

“ನೀನು... ಪಂದ್ಯಕ್ಕೆ...?”

“ನಿಮ್ಮ ಸೀಟು ಖಾಲಿ ಬಿಡಕ್ಕಾಗುತ್ತೇನ್ರೀ?” ಎಂದು ಹೆಂಡತಿ ಗೊಗ್ಗರು ದನಿಯಲ್ಲಿ ಹೇಳಿದರು. “ಬಸ್ಸಿಂದ ದೂರ ಇಟ್ಟಿದ್ದು ಈ ಕಾರ್ಯದರ್ಶಿಗಳು, ಬೋಗಿ ಕಳಚ್ಸಿದ್ದು ಆ ಟಿಕೆಟಿನವರು, ಚಾ ಅಂಗಡಿಯವಳು ಕಾರ್ಯದರ್ಶಿಗಳ ಅತ್ತಿಗೆ. ಯೋಚನೆ ಮಾತ್ರ ನನ್ನದು. ತಡೆಯೋ ಗಂಡಸು ಹುಟ್ಟಿಲ್ಲ ಅಂದ್ರಿ. ಹೆಂಗಸು ಹುಟ್ಟಿ ನಿಮ್ಮನ್ನ ಮದುವೇನೂ ಆಗಿದಾಳೆ!”

“ಆದರೆ ಯಾಕೆ?”

ಎಲ್ಲರೂ ಮೇಲೆ ಕೆಳಗೆ ನೋಡಿದರು. ಬಾಮೈದನೇ ಗಂಟಲು ಸರಿಮಾಡಿಕೊಂಡ. “ಭಾವ, ಬೇಜಾರು ಮಾಡ್ಕೋಬೇಡಿ. ಎದುರಿಂದ ಹನ್ನೊಂದು ಜನ ಬಂದ್ರೂ ನಂಗೆ ಭಯ ಇಲ್ಲ. ಹಿಂದಿಂದ ನೀವೊಬ್ರು ಕೂಗಿದ್ರೆ ಕೈ ನಡುಗುತ್ತೆ. ಇವತ್ತೂ ನೋಡಿ, ಮೊದಲನೇ ಗೋಲಿಗೆ ನಿಮ್ಮ ದನಿ ಕೇಳಿದ ಹಾಗೇ ಆಯ್ತು. ನೀವು ಅಲ್ಲಿರಲಿಲ್ಲ ಅಂತ ಆಮೇಲೆ ನೆನಪಾಯ್ತು.”

“ಊರಿಗೆಲ್ಲ ದೃಷ್ಟಿ ಪರೀಕ್ಷೆ ಮಾಡ್ತೀರಿ,” ಎಂದರು ಹೆಂಡತಿ, “ನಿಮ್ಮ ದೃಷ್ಟಿಯೇ ನನ್ನ ತಮ್ಮನಿಗೆ ತಾಗ್ತಿತ್ತು.”

ಸಿಟ್ಟು ಮಾಡಬೇಕೋ ಬೇಡವೋ ಎಂದು ಯಜಮಾನರು ಯೋಚಿಸಿದರು. ಬಾಮೈದ ನೀರಿನ ಲೋಟ ಎತ್ತಿ ಕುಡಿದ. ಮನೆಯಲ್ಲಿ ಅವನ ಕೈಯಿಂದ ಲೋಟ ಜಾರದಿದ್ದದ್ದು ಅವರ ಕಣ್ಣಿಗೆ ಬಿದ್ದದ್ದು ಅಂದೇ ಮೊದಲು. ಸಿಟ್ಟು ಒಳಗೇ ಉಳಿಯಿತು. ಸ್ಟೇಷನ್ನಿನ ಮಂಜು, ಆರಿದ ಚಹಾ ಎಲ್ಲ ವರ್ಣಿಸಿದರು. ಮುದುಕರ ಸುದ್ದಿ ಮಾತ್ರ ಎತ್ತಲಿಲ್ಲ. ನಕ್ಕಾರು ಎಂದು ಅರ್ಧ, ನಗದೇ ಇದ್ದಾರು ಎಂದು ಅರ್ಧ.

“ಇದೇನು ಕೊರಳಲ್ಲಿ?” ಎಂದು ಕಾರ್ಯದರ್ಶಿ ಮಫ್ಲರಿನ ಗೊಂಡೆ ಮುಟ್ಟಿ, ಬೆರಳು ಸುಟ್ಟವನಂತೆ ಬಿಟ್ಟ.

“ಸಿಕ್ತು.”

ಮಾರನೆಯ ದಿನ ಸಲೂನಿನಲ್ಲಿ ಅವನು, ಫೋಟೋದ ಖಾಲಿ ಕುರ್ಚಿಯನ್ನು ಕತ್ತರಿಯ ತುದಿಯಲ್ಲಿ ತೋರಿಸಿ ಪಿಸುಗುಟ್ಟಿದ: “ನಮ್ಮಪ್ಪ ಹೇಳ್ತಿದ್ರು ಯಜಮಾನ್ರೇ, ಅದು ಬರದೇ ಇದ್ದು ಉಪಕಾರ ಮಾಡಿದವರ ಕುರ್ಚಿ ಅಂತ.” ಪಕ್ಕದಲ್ಲೇ ಶನಿವಾರದ ಗೆಲುವಿನ ಹೊಸ ಬಣ್ಣದ ಫೋಟೋ ಏರಿತ್ತು. ಎಲ್ಲರೂ ನಗುತ್ತಿದ್ದರು. ಮುಂದಿನ ಸಾಲಿನ ನಡುವೆ ಒಂದು ಖಾಲಿ ಕುರ್ಚಿ.

ಹೊಸ ಋತುವಿನ ಮೊದಲ ಪರ ಊರಿನ ಪಂದ್ಯ ಬಂತು. ಬೆಳಿಗ್ಗೆ ಹಳದಿ ಅಂಗಿ ತೊಟ್ಟ ಹೆಂಡತಿ ಹೇಳಿದರು: “ಬಸ್ಸಲ್ಲಿ ಜಾಗ ಇದೆ. ಬರ್ತೀರಾದ್ರೆ ಬನ್ನಿ, ಈ ಸಲ ಯಾರೂ ತಡೆಯಲ್ಲ. ನಾವು ಮಾಡಿದ್ದು ಜಾಸ್ತಿಯಾಯ್ತು ಅಂತ ತಮ್ಮನೂ ಅಂತಿದ್ದ.”

ಯಜಮಾನರು ಮೇಜು ಗುದ್ದಲು ಕೈಯೆತ್ತಿದರು. ಬಾಮೈದ ಎದುರಿಗೆ ತಿಂಡಿ ತಿನ್ನುತ್ತಿದ್ದ. ಎತ್ತಿದ ಕೈ ಕಂಡು ಅವನ ಚಮಚ ಕಿಣಿಕಿಣಿ ಎಂದಿತು. ಯಜಮಾನರು ಆ ಕೈಯಲ್ಲೇ ತಲೆ ಕೆರೆದುಕೊಂಡು ಎದ್ದರು, ಗೂಟದಿಂದ ಕೆನೆಬಣ್ಣದ ಮಫ್ಲರ್ ತೆಗೆದು ಸುತ್ತಿಕೊಂಡರು.

“ಕೊನೇ ಬೋಗೀಲಿ ಕಿಟಕಿ ಪಕ್ಕ ಗಾಳಿ ಚೆನ್ನಾಗಿರುತ್ತೆ,” ಎಂದರು.

ಹೆಂಡತಿ ಬಾಗಿಲವರೆಗೆ ಬಂದು, ಗೊಂಡೆ ನೇರ ಮಾಡಿ, ಫ್ಲಾಸ್ಕ್ ಕೈಗಿಟ್ಟು, ನಕ್ಕರು.

“ಹುಷಾರು ರೀ. ಆ ಕೋಣೇಲಿ ಧೂಳು. ಸೀನು ಬಂದ್ರೆ ಮೂಗು ಹಿಡ್ಕೊಳ್ಳಿ.”

ಸೀನಿನ ಸಂಗತಿಯನ್ನು ಯಜಮಾನರು ಯಾರಿಗೂ ಹೇಳಿರಲಿಲ್ಲ. ಹೇಗೆ ಗೊತ್ತಾಯಿತು ಎಂದು ಕೇಳಲು ಬಾಯಿ ತೆರೆದರು. ತೆರೆದ ಬಾಯಿಯನ್ನು ಅರ್ಧಕ್ಕೇ ನಿಲ್ಲಿಸಿ, ಅದೇ ಭಂಗಿ ಕೆಡದಂತೆ, ಸ್ಟೇಷನ್ನಿಗೆ ನಡೆದರು.